ವಿಕ್ಟೋರಿಯಾ ಯುಗದ ಕ್ರೂಸರ್ ನಕ್ಷೆಯನ್ನು ಓದುವ ಬಗೆ

1890ರ ದಶಕದ ಬ್ರಿಟಿಷ್ ಕ್ರೂಸರ್‌ನ (ವೇಗದ ಯುದ್ಧನೌಕೆಯ) ನಕ್ಷೆ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು ಫಿರಂಗಿಗಳನ್ನಲ್ಲ, ಹಡಗಿನ ಒಡಲನ್ನು ಅಡ್ಡಲಾಗಿ ಸೀಳಿ ತೋರಿಸುವ ಚಿತ್ರವನ್ನು. ಉಕ್ಕಿನ ಡೆಕ್ ನಡುವೆ ಆಮೆಯ ಬೆನ್ನಿನಂತೆ ಉಬ್ಬಿ, ಎರಡೂ ಬದಿಗಳಲ್ಲಿ ನೀರಿನ ಮಟ್ಟಕ್ಕಿಂತ ಕೆಳಗಿಳಿದಿದ್ದು, ಹೊರಮೈಗೆ ಕವಚಪಟ್ಟಿ ಇಲ್ಲದಿದ್ದರೆ ಅದನ್ನು ‘ರಕ್ಷಿತ ಕ್ರೂಸರ್’ ಎಂದು ತಿಳಿಯಿರಿ. ಆ ಇಳಿಜಾರಿನ ಮೇಲಿರುವ ಕಲ್ಲಿದ್ದಲ ಕೋಣೆಗಳನ್ನು ಕಡೆಗಣಿಸಬೇಡಿ. ಇಂಧನವೇ ಅಲ್ಲಿ ಗುರಾಣಿಯ ಕೆಲಸವನ್ನೂ ಮಾಡುತ್ತಿತ್ತು. ಬಳಿಕ ಬಾಯ್ಲರ್‌ಗಳನ್ನು ಎಣಿಸಿ. ರಷ್ಯಾದ ‘ರೂರಿಕ್’ ಕ್ರೂಸರ್‌ಗೆ ಉತ್ತರವಾಗಿ ಕಟ್ಟಿ 1895ರಲ್ಲಿ ನೀರಿಗಿಳಿಸಿದ, ಸುಮಾರು 14,200 ಟನ್ನಿನ ಬ್ರಿಟಿಷ್ ಕ್ರೂಸರ್ ‘ಪವರ್‌ಫುಲ್’ 22 ನಾಟ್ (ಗಂಟೆಗೆ ಸುಮಾರು 41 ಕಿ.ಮೀ.) ವೇಗಕ್ಕಾಗಿ ಬೆಲ್‌ವಿಲ್ ಎಂಬ ಬಗೆಯ 48 ಬಾಯ್ಲರ್‌ಗಳನ್ನು ಹೊತ್ತಿತ್ತು. ಅಷ್ಟು ದೊಡ್ಡ ಒಡಲಿಗೆ 9.2 ಅಂಗುಲ ಬಾಯಿಯ ಎರಡೇ ಫಿರಂಗಿಗಳು ಕಡಿಮೆಯೆಂದೇ ನನ್ನೆಣಿಕೆ. ಬದಿಯಲ್ಲಿ 6 ಅಂಗುಲ ದಪ್ಪದ, ಕ್ರುಪ್ ಎಂಬ ಗಡುಸು ಉಕ್ಕಿನ ಕವಚಪಟ್ಟಿ ಕಂಡರೆ, 1899ರಿಂದ ನೀರಿಗಿಳಿದ ‘ಕ್ರೆಸಿ’ ವರ್ಗದ ಕವಚದ ಕ್ರೂಸರ್‌ಗಳ ನಕ್ಷೆಗಳೊಡನೆ ಹೋಲಿಸಿ ನೋಡಿ.