ಸಂಜೆಯ ಗುಡುಗು ಮಳೆ: ಹಪ್ಪಳ, ಅಡಿಕೆ ಒಣಗಿಸುವವರ ಗಮನಕ್ಕೆ

ಮೇ ಕೊನೆಯ ಈ ದಿನಗಳಲ್ಲಿ ಬೆಳಗ್ಗಿನ ಬಿಸಿಲನ್ನು ನಂಬಿ ಕೂರಬೇಡಿ. ಕಡಲಗಾಳಿ ಹೊತ್ತು ತರುವ ತೇವ ಮಧ್ಯಾಹ್ನ ಘಟ್ಟಕ್ಕೆ ತಾಗಿ ಮೇಲೇರಿ ಮೋಡ ಕಟ್ಟುತ್ತದೆ. ಸಂಜೆ ಅದೇ ಮೋಡ ಎಷ್ಟೋ ಸಲ ಕಾರ್ಕಳ, ಬೆಳ್ತಂಗಡಿ ಕಡೆಯಿಂದ ಗುಡುಗುತ್ತಾ ಕರಾವಳಿಗೆ ಇಳಿಯುತ್ತದೆ. ಮೂಡು ದಿಕ್ಕು ಕಪ್ಪಾಗಿ, ಸೆಖೆಯ ನಡುವೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿತೆಂದರೆ ಕೈಯಲ್ಲಿರುವುದು ಕೆಲವೇ ನಿಮಿಷ.

ಹಲಸಿನ ಹಪ್ಪಳವನ್ನು ಬೆಳಗ್ಗೆ 8ಕ್ಕೇ ಚಾಪೆಯ ಮೇಲೆ ಹರಡಿ, 3 ಗಂಟೆಯೊಳಗೆ ಎತ್ತಿ ಬಿಡಿ. ಬಿಸಿ ಆರುವ ಮೊದಲೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಮುರಿದು ನೋಡಿ: ‘ಟಕ್’ ಎನ್ನದೆ ಬಾಗಿದರೆ ಇನ್ನೊಂದು ಬಿಸಿಲು ಬೇಕು. ಅಂಗಳದ ಅಡಿಕೆಗೆ ಟರ್ಪಾಲು ಮುಚ್ಚಿದವರು ಮರುದಿನ ಬೆಳಗ್ಗೆಯೇ ತೆಗೆಯಿರಿ, ಅಡಿಯಲ್ಲಿ ಹಬೆ ಕಟ್ಟಿದರೆ ಅದಕ್ಕೂ ಬೂಸ್ಟು.

ಮಳೆಗಿಂತ ಹೆದರಬೇಕಾದದ್ದು ಸಿಡಿಲಿಗೆ. ಮಿಂಚು ಕಂಡ ಮೇಲೆ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿ.ಮೀ. ಒಳಗಿದೆ. ಹಪ್ಪಳ ಹಾಳಾದರೂ ಚಿಂತೆಯಿಲ್ಲ, ಅಂಗಳ ಬಿಟ್ಟು ಒಳಗೆ ಬನ್ನಿ. ತೆಂಗಿನ ಮರದಡಿ ನಿಲ್ಲಲೇಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಹೊರಗೆ ಕಾಲಿಡಬೇಡಿ. ಟಿವಿ, ವೈಫೈಗಳ ಸ್ವಿಚ್ ಆರಿಸಿದರೆ ಸಾಲದು, ಮೋಡ ಕವಿಯುವಾಗಲೇ ಪ್ಲಗ್ ಮತ್ತು ಕೇಬಲ್ ಕಿತ್ತಿಡಿ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ ಹತ್ತಿರದ ಸಿಡಿಲಿನ ಮುನ್ಸೂಚನೆ ಸಿಗುತ್ತದೆ.

ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದಂಬೆಯಲ್ಲಿ ಸೇರಿದ ತರಗೆಲೆಯನ್ನು ಈ ವಾರವೇ, ಬೆಳಗ್ಗಿನ ಹೊತ್ತು ತೆಗೆಸಿ.