ಚಿಕ್ಕಜಾಜೂರು ಜಂಕ್ಷನ್ ನೋಡಾಕ್ ಹೋಗೋರಿಗೆ
ದಾವಣಗೆರೆ ಕಡೆಯೋರು ಹಳೇ ಸ್ಟೇಷನ್ ನೋಡ್ಬೇಕಂದ್ರೆ ದೂರ ಹೋಗೋದ್ ಬೇಡ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿಗೆ ಒಂದ್ಸಲ ಹೋಗ್ಬನ್ನಿ. ಬೆಂಗಳೂರು-ಹರಿಹರ ಲೈನು 1889ರ ಹೊತ್ತಿಗೆ ಆಗಿದ್ದು, ಆಗೆಲ್ಲಾ ಮೀಟರ್ ಗೇಜು, ಅಂದ್ರೆ ಹಳಿಗಳ ನಡುವೆ ಬರೀ 1000 ಮಿ.ಮೀ, ಈಗಿರೋ ಬ್ರಾಡ್ ಗೇಜು 1676 ಮಿ.ಮೀ, ಇದನ್ನ ಮಕ್ಕಳಿಗೆ ಪ್ಲಾಟ್‌ಫಾರಂ ಮೇಲೆ ನಿಂತೇ ತೋರಿಸಿ ಹೇಳಿದ್ರೆ ಚೆನ್ನಾಗಿ ತಲೇಲಿ ಉಳೀತದೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆ ಹೋಗೋ ಲೈನು ಇಲ್ಲೇ ಕವಲೊಡೆಯೋದು.

ಮುಖ್ಯವಾಗಿ ವಾಪಸ್ ಬರೋ ಗಾಡಿ ಟೈಮ್ ಮೊದ್ಲು ನೋಡ್ಕೊಳ್ಳಿ, ಆಮೇಲೆ ಹೋಗೋದರದ್ದು. ಎಲ್ಲಾ ಎಕ್ಸ್‌ಪ್ರೆಸ್ಸೂ ನಿಲ್ಲಲ್ಲ, ದುರ್ಗದ ಲೈನಲ್ಲಂತೂ ಗಾಡಿ ಕಮ್ಮಿ, ಒಂದು ತಪ್ಪಿದ್ರೆ ಬಹಳ ಹೊತ್ತು ಕಾಯ್ಬೇಕಾಗ್ತದೆ, 139ಕ್ಕೆ ಫೋನ್ ಮಾಡಿದ್ರೆ ಗಾಡಿ ಲೇಟಾ ಅಂತ ಗೊತ್ತಾಗುತ್ತೆ. ನೀರು, ಬುತ್ತಿ ಮನೆಯಿಂದ್ಲೇ ಒಯ್ಯಿರಿ. ಕಾರು-ಬೈಕಲ್ಲಿ ಹೋದೋರು ಪ್ಲಾಟ್‌ಫಾರಂ ಟಿಕೆಟ್ ತಗೊಂಡೇ ಒಳಗೆ ಹೋಗ್ಬೇಕು. ರೀಲ್ಸ್ ಸಲುವಾಗಿ ಹಳಿ ಮೇಲೆ ದಯವಿಟ್ಟು ಇಳೀಬೇಡ್ರಪ್ಪಾ, ನಿಲ್ಲದ ಗಾಡಿ ಬರೋ ಸ್ಪೀಡಿಗೆ ಓಡೋಕೂ ಟೈಮ್ ಸಿಗಲ್ಲ.

ಮಳೆಗಾಲ ಮುಗಿದ ಮೇಲೆ ಹೋದ್ರೆ ಒಳ್ಳೇದು, ಹೊಳಲ್ಕೆರೆ ಸುತ್ತ ಅಡಿಕೆ ತೋಟ ಹಸಿರಾಗಿರ್ತವೆ, ಬಿಸ್ಲೂ ಅಷ್ಟಿರಲ್ಲ. ಟೈಮ್ ಉಳಿದ್ರೆ ಹೊಳಲ್ಕೆರೆ ಗಣಪನ್ನೂ ನೋಡ್ಕೊಂಡು ಬನ್ನಿ.