ಮೂರು ಊರು, ಒಂದು ಸಭೆ: ಘಟ್ಟದ ಮಳೆಗಾಲದಲ್ಲಿ ನನ್ನ ಅನುಭವ

ಕಳೆದ ಜುಲೈನಲ್ಲಿ ಶಿರಸಿ, ಯಲ್ಲಾಪುರ, ಕುಮಟಾ ಮೂರೂ ಕಡೆಯ ಸಭಾಭವನಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿ ಒಟ್ಟಿಗೆ ಒಂದೇ ವಿಚಾರ ಸಂಕಿರಣ ನಡೆಸಿದೆ. ವಿಷಯ ಅಡಿಕೆಯ ಎಲೆಚುಕ್ಕಿ ರೋಗ. ಮೂರು ಸಭಾಭವನ ಸೇರಿ ಸುಮಾರು 340 ಜನ. ಮಾತಾಡಿದ ವಿಜ್ಞಾನಿ ಕಾಸರಗೋಡಿನಲ್ಲೇ ಕೂತಿದ್ದರು. ನಡುವೆ ಎರಡು ಸಲ ಕರೆಂಟ್ ಹೋಯಿತು, ಸಭೆ ನಿಲ್ಲಲಿಲ್ಲ. ದೇವಿಮನೆ ಘಟ್ಟದಲ್ಲಿ ಅವತ್ತು ಸಿಕ್ಕಾಪಟ್ಟೆ ಮಳೆ. ಕುಮಟಾದವರು ಯಾರೂ ಘಟ್ಟ ಹತ್ತಬೇಕಾಗಲಿಲ್ಲ.

ಇದನ್ನು ಬರೆಯುವುದಕ್ಕೆ ಕಾರಣವಿದೆ. ನಾನು ಈ ಯೋಚನೆ ಹೇಳಿದಾಗ ನಮ್ಮ ಶಾಮಿಯಾನ, ಮೈಕ್‌ಸೆಟ್ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಹಿರಿಯರೊಬ್ಬರು, “ತಮಾ, ಇದೆಲ್ಲ ಬೆಂಗ್ಳೂರಲ್ಲಿ ಆಗ್ತು, ನಮ್ಮಲ್ಲಿ ಮಳೆಗಾಲದಲ್ಲಿ ಆಗ್ತಿಲ್ಲೆ” ಅಂದಿದ್ದರು. ಅವರ ಮೇಲೆ ಬೇಜಾರಿಲ್ಲ. ನನ್ನ ಮೊದಲಿನ ಎರಡು ಪ್ರಯತ್ನ ನೋಡಿದವರು ಯಾರಾದರೂ ಹಾಗೇ ಹೇಳುತ್ತಿದ್ದರು.

2020ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್ ಬಂತು. ಅಕ್ಟೋಬರ್‌ನಲ್ಲಿ ಸಭಾಂಗಣದ ಅರ್ಧದಷ್ಟು, ಹೆಚ್ಚೆಂದರೆ 200 ಜನ ಎಂಬ ಕೇಂದ್ರದ ನಿಯಮ ಬರುವವರೆಗೆ ನಮಗೆ ಕೆಲಸವೇ ಇರಲಿಲ್ಲ. 2021ರಲ್ಲಿ ಒಂದು ಬೆಳೆಗಾರರ ಸಭೆಯನ್ನು ಪೂರ್ತಿ ಆನ್‌ಲೈನ್ ಮಾಡಿದೆ. ಎಲ್ಲರಿಗೂ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದೆ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ ಅಂತ ಗೊತ್ತಿದ್ದೂ ಖರ್ಚು ಉಳಿಸಲು ಅದರಲ್ಲೇ ಶುರು ಮಾಡಿದ್ದು ನನ್ನ ತಪ್ಪು. ಶುರುವಿನಲ್ಲಿ 90 ಜನ ಇದ್ದರು. ಎರಡನೇ ಸಲ ಲಿಂಕ್ ಕಳಿಸಿದಾಗ ಬಂದವರು ಮೂವತ್ತು ಚಿಲ್ಲರೆ. ಉಳಿದವರು ನೆಟ್‌ವರ್ಕ್ ಸಿಗುವ ದಿಬ್ಬದ ಮೇಲೆ ಕೊಡೆ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾರೆ?

ಎರಡನೇ ಪ್ರಯತ್ನ ಇನ್ನೂ ದುಬಾರಿ. ಶಿರಸಿಯಲ್ಲಿ ದೊಡ್ಡ ಹಾಲ್, ಜೊತೆಗೆ ಮನೆಯಲ್ಲಿದ್ದವರಿಗೆ ಆನ್‌ಲೈನ್. ಮನೆಯಿಂದ ಮಾತಾಡಿದವರ ಧ್ವನಿ ಹಾಲ್‌ನ ಸ್ಪೀಕರ್‌ನಿಂದ ಮೈಕಿಗೆ ಹೋಗಿ ಅವರಿಗೇ ವಾಪಸ್ ಕೇಳುತ್ತಿತ್ತು. ಇಪ್ಪತ್ತು ನಿಮಿಷ ಬರೀ ಎಕೋ. ಮನೆಯಲ್ಲೇ ನೋಡಬಹುದು ಅಂತ ತುಂಬಾ ಜನ ಬರಲೂ ಇಲ್ಲ. 300 ಎಲೆಗೆ ಅಡುಗೆ ಆಗಿತ್ತು, ಉಂಡವರು 140. ಅಪ್ಪೆಹುಳಿ ಕೊಳಗದಲ್ಲಿ ಹಾಗೇ ಉಳಿಯಿತು. ಸಭೆ ಮಾಡಿಸಿದ ಸಂಘದವರು ನನಗೆ ಕೊಡಬೇಕಾದ ಬಾಕಿ ದುಡ್ಡು ಹಿಡಿದುಕೊಂಡರು. ಸುಮಾರು 38 ಸಾವಿರ ಕೈಯಿಂದ ಹೋಯಿತು. ಆ ತಿಂಗಳು ಹುಡುಗರ ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟೆ.

ಆಮೇಲೆ ಹೊಳೆದದ್ದು ಇಷ್ಟೇ. ನಮ್ಮ ಜನಕ್ಕೆ ಮನೆಯಲ್ಲಿ ಮೊಬೈಲ್ ಹಿಡಿದು ಕೂರುವುದು ಸಭೆಯೇ ಅಲ್ಲ. ಪಕ್ಕದವರ ಜೊತೆ ಕವಳ (ಎಲೆಅಡಿಕೆ) ಹಾಕಬೇಕು, ಮಾತಾಡಬೇಕು, ಒಟ್ಟಿಗೆ ಉಣ್ಣಬೇಕು. ಆದರೆ ಮಳೆಯಲ್ಲಿ 60 ಕಿಲೋಮೀಟರ್ ಘಟ್ಟದ ದಾರಿ ಯಾರಿಗೂ ಬೇಡ. ಹಾಗಾದರೆ ಆನ್‌ಲೈನ್‌ಗೆ ಬರಬೇಕಾದ್ದು ಮನೆಗಳಲ್ಲ, ಊರುಗಳು. ಮೂರು ಊರಲ್ಲಿ ಮೂರು ಸಣ್ಣ ಸಭೆ, ನಡುವೆ ಒಂದೇ ತಂತಿ.

ಜಾಗಕ್ಕೆ ನಾನು ಕಲ್ಯಾಣ ಮಂಟಪ ಹುಡುಕಲಿಲ್ಲ. ಸಹಕಾರಿ ಸೊಸೈಟಿಗಳ ಸಭಾಭವನ ಹಿಡಿದೆ. ಕಚೇರಿಯ ಕಂಪ್ಯೂಟರ್‌ಗಾಗಿ ಅಲ್ಲಿ ಫೈಬರ್ ಮೊದಲೇ ಬಂದಿರುತ್ತದೆ. ಬಾಡಿಗೆ ಎರಡು ಸಾವಿರದ ಒಳಗೆ. ಫೈಬರ್ ಕೈಕೊಟ್ಟರೆ ಅಂತ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಬೇಕು. ಯಾವ ಊರಿಗೆ ಯಾವುದು ಅನ್ನುವುದನ್ನು ಹಿಂದಿನ ವಾರ ಅದೇ ಹೊತ್ತಿಗೆ ಹೋಗಿ ನೋಡಿ ತೀರ್ಮಾನಿಸುತ್ತೇನೆ. ಬೆಳಿಗ್ಗೆ ಏಳಕ್ಕೆ ಬರುವ ಸ್ಪೀಡ್ ಹನ್ನೊಂದಕ್ಕೆ ಇರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಾನು ತುಂಬಾ ತಡವಾಗಿ ಕಲಿತೆ. ಜನರೇಟರ್ ಇದ್ದರೂ ಶುರುವಾಗಲು ಹತ್ತು ಹದಿನೈದು ಸೆಕೆಂಡ್ ಬೇಕು. ಅಷ್ಟರಲ್ಲಿ ರೂಟರ್ ಆಫ್ ಆಗಿ, ಮತ್ತೆ ಲೈನ್ ಹಿಡಿಯಲು ಮೂರು ನಿಮಿಷ. ಮೂರು ನಿಮಿಷ ಪರದೆ ಕಪ್ಪಾದರೆ ಜನ ಚಹಾಕ್ಕೆ ಎದ್ದು ಹೋಗುತ್ತಾರೆ, ಅಲ್ವಾ? ಈಗ ರೂಟರ್‌ಗೇ ಅಂತ ಸಣ್ಣ ಯುಪಿಎಸ್ ಇದೆ. ಒಂದಕ್ಕೆ ಸಾವಿರದ ಮುನ್ನೂರೋ ನಾನೂರೋ ಕೊಟ್ಟೆ. ನಾನು ಕೊಂಡ ಸಾಮಾನಿನಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ.

ಎಕೋಗೆ ಮದ್ದು ಮೈಕುಗಳನ್ನೆಲ್ಲ ಜೋಡಿಸುವ ಮಿಕ್ಸರ್‌ನಲ್ಲೇ ಇದೆ. ಅದರಲ್ಲಿ ಆಕ್ಸ್ ಅಂತ ಇರುತ್ತದೆ, ಬೇಕಾದ ಧ್ವನಿಯನ್ನಷ್ಟೇ ಆರಿಸಿ ಹೊರಗೆ ಕಳಿಸುವ ದಾರಿ. ಅಲ್ಲಿಂದ ಲ್ಯಾಪ್‌ಟಾಪ್‌ಗೆ ಹಾಲ್‌ನ ಮೈಕುಗಳು ಮಾತ್ರ ಹೋಗಬೇಕು, ಲ್ಯಾಪ್‌ಟಾಪ್‌ನಿಂದ ಬಂದದ್ದು ಅದರಲ್ಲಿ ಸೇರಬಾರದು. ಹಮ್ ಅಂದರೆ ಗುಂಯ್ ಅನ್ನುವ ಸದ್ದು ಬಂದರೆ, ಅದನ್ನು ತಡೆಯುವ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ನಡುವೆ ಹಾಕಿ. ಒಂದು ಸಲಕ್ಕೆ ಒಂದೇ ಊರಿನ ಮೈಕ್ ತೆರೆದಿರಬೇಕು. ಇದನ್ನು ನೋಡಲು ಪ್ರತಿ ಊರಿನಲ್ಲೂ ಅದೇ ಊರಿನ ಒಬ್ಬ ಹುಡುಗ ಇರುತ್ತಾನೆ. ಆ ಹುಡುಗರನ್ನು ಎಲ್ಲಿಂದ ಆರಿಸುತ್ತೇನೆ, ಮೂವರ ನಡುವೆ ಸನ್ನೆ ಹೇಗೆ ನಡೆಯುತ್ತದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ವರ್ಷದ ಗಳಿಕೆ.

ಪ್ರಶ್ನೋತ್ತರದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ದೂರದ ಊರಿಗೆ. ಶಿರಸಿಯಿಂದ ಶುರು ಮಾಡಿದರೆ ಶಿರಸಿಯಲ್ಲೇ ಮುಗಿಯುತ್ತದೆ. ಜುಲೈನಲ್ಲಿ ಮೊದಲು ಮಾತಾಡಿದ್ದು ಕುಮಟಾದ ಅಜ್ಜಿಯೊಬ್ಬರು. ರೋಗ ಬಂದ ಸೋಗೆಯನ್ನೇ ತಂದು ಕ್ಯಾಮೆರಾಕ್ಕೆ ಹಿಡಿದರು. ವಿಜ್ಞಾನಿ ಅದನ್ನು ನೋಡಿ ಹತ್ತು ನಿಮಿಷ ವಿವರಿಸಿದರು. ಯಲ್ಲಾಪುರದವರು ಎದ್ದು ನಿಂತು ನೋಡುತ್ತಿದ್ದರು. ಅವತ್ತು ನನಗೆ ಕಣ್ಣು ತುಂಬಿತು.

ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವುದನ್ನು ತೋಟದಿಂದಲೇ ನೇರವಾಗಿ ತೋರಿಸಲು ಹೋಗಿದ್ದೆ. ತೋಟದೊಳಗೆ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ. ಸುಣ್ಣದ ತಿಳಿಗೆ ಮೈಲುತುತ್ತಿನ ನೀರು ಸುರಿಯುವ ಹೊತ್ತಿಗೆ ಚಿತ್ರ ನಿಂತೇ ಹೋಯಿತು. ಈಗ ಹಿಂದಿನ ದಿನವೇ ಚಿತ್ರೀಕರಿಸಿ ಮೂರೂ ಊರಿನ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟಿರುತ್ತೇನೆ. ದ್ರಾವಣ ಸರಿಯಾಗಿದೆಯೋ ಅಂತ ಕಬ್ಬಿಣದ ಚಾಕು ಅದ್ದಿ ಕೆಂಪು ಬರುತ್ತದೋ ಇಲ್ಲವೋ ನೋಡುವುದು ಹಿಂದಿನ ಸಾಲಿಗೂ ಚೆನ್ನಾಗಿ ಕಾಣುತ್ತದೆ. ಪ್ರೊಜೆಕ್ಟರ್ ಬಿಟ್ಟು 55 ಇಂಚಿನ ಟಿವಿ ಬಾಡಿಗೆಗೆ ತಂದದ್ದೂ ಇದಕ್ಕೇ.

ಲೆಕ್ಕ ಹೇಳಿಬಿಡುತ್ತೇನೆ. ಮೊದಲು ಒಂದೇ ಕಡೆ 350 ಜನಕ್ಕೆ ಮಾಡಿದರೆ ಶಾಮಿಯಾನ, ಊಟ, ಬಸ್ಸು ಎಲ್ಲ ಸೇರಿ 1 ಲಕ್ಷ 80 ಸಾವಿರದ ಹತ್ತಿರ ಆಗುತ್ತಿತ್ತು. ಈ ಸಲ ಒಂದೂವರೆ ಲಕ್ಷದ ಆಸುಪಾಸು. ಬಸ್ಸಿಲ್ಲ, ಶಾಮಿಯಾನ ಇಲ್ಲ. ಊಟಕ್ಕೆ ಐವತ್ತು ರೂಪಾಯಿ ಮುಂಗಡ ಇಸಿದುಕೊಂಡೆ. 350 ಎಲೆಗೆ ಹೇಳಿದ್ದು, ಹತ್ತೇ ಎಲೆ ಉಳಿಯಿತು. ಬಳೆ ಬಿಡಿಸಿ ತಂದು ವರ್ಷದ ಮೇಲಾಯಿತು.

ಈಗ ಜೋಯಿಡಾದವರು ಕೇಳುತ್ತಿದ್ದಾರೆ. ಅಲ್ಲಿ ಎರಡು ಊರಿಗೆ ಹೋಗಿ ನೋಡಿ ಬಂದೆ. ಒಂದು ಕಡೆ ಫೈಬರ್ ಇದೆ, ಜನರೇಟರ್ ಇಲ್ಲ. ಇನ್ನೊಂದು ಕಡೆ ಶಾಲೆಯ ಹಿಂದಿನ ಗುಡ್ಡದಲ್ಲಿ ಮಾತ್ರ ಸಿಗ್ನಲ್. ಗುಡ್ಡದಿಂದ ಶಾಲೆಗೆ ಸುಮಾರು 200 ಮೀಟರ್ ಕೇಬಲ್ ಎಳೆಯಬೇಕು. ಮುಂದಿನ ವಾರ ಅಳತೆಗೆ ಹೊರಟಿದ್ದೇನೆ.